ಹನಿ ನಿಲ್ಲುವವರೆಗೆ

ಮಾರ್ಚ್ ೩, ಮಂಗಳವಾರ

ಇವರನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದಾಯಿತು. ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಬಿದ್ದುಹೋಗಿವೆ. ಮಾತೂ ಹೋಗಿದೆ. ‘ಪೂರ್ತಿ ಹೋಗಿಲ್ಲಮ್ಮ, ನಾಲ್ಕೈದು ಪದ ಉಳಿದಿರುತ್ತೆ. ಯಾವುದು ಅಂತ ನೀವೇ ಕಂಡುಹಿಡೀಬೇಕು’ ಎಂದರು ಡಾಕ್ಟರು, ಮನೆಯಲ್ಲಿ ಕಳೆದುಹೋದ ಗುಂಡಿ ಹುಡುಕಲು ಹೇಳುವ ಹಾಗೆ.

ಮೊದಲ ಪದ ಇವತ್ತೇ ಸಿಕ್ಕಿತು. ಸೂಪು ಕುಡಿಸಿ, ಬಟ್ಟಲು ತೊಳೆದು ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟಿದ್ದೆ. ಎಡಗೈ ಚಾಚಿ, ಹೆಬ್ಬೆರಳನ್ನು ಬಟ್ಟಲಿನ ಒಳಗೆ ಒಂದು ಸುತ್ತು ಎಳೆದರು. ಬೆರಳನ್ನು ನೋಡಿಕೊಂಡರು. ನನ್ನ ಕಡೆ ತಿರುಗಿ ‘ಇಲ್ಲ’ ಎಂದರು.

ಅಂದರೆ ಜಿಡ್ಡು ಹೋಗಿಲ್ಲ. ಅರ್ಧ ದೇಹ ಹೋದರೂ ಈ ಹೆಬ್ಬೆರಳು ಮಾತ್ರ ಹೋಗಲಿಲ್ಲ ನೋಡಿ! ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಸವರಿ ನೋಡಿ ಪಾಸು, ಫೇಲು ಮಾಡುವುದು ಇವರ ಕೆಲಸವಾಗಿತ್ತು. ಮನೆಗೆ ಬಂದ ಮೇಲೂ ಅದೇ ನೌಕರಿ. ಪಾತ್ರೆ, ಕಿಟಕಿಯ ಚೌಕಟ್ಟು, ನಾನು ಹೊಲಿದ ಪರದೆಯ ಅಂಚು, ಎಲ್ಲದರ ಮೇಲೂ ಆ ಬೆರಳು ಓಡಲೇಬೇಕು. ಮದುವೆಯಾದ ವಾರದಲ್ಲೇ ನಾನು ಮನಸ್ಸಿನಲ್ಲಿ ಇವರಿಗೆ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟೆ. ಇಲ್ಲೂ ಹಾಗೆಯೇ ಬರೆಯುತ್ತೇನೆ. ಇದನ್ನು ಯಾರು ಓದುತ್ತಾರೆ?

ಬಟ್ಟಲನ್ನು ಇನ್ನೊಮ್ಮೆ ತೊಳೆದೆ. ಜಿಡ್ಡು ಇತ್ತು.

ಮಾರ್ಚ್ ೭, ಶನಿವಾರ

ವ್ಯಾಯಾಮ ಮಾಡಿಸುವ ಹುಡುಗಿ ಬಂದಿದ್ದಳು. ಇನ್ಸ್‌ಪೆಕ್ಟರರು ಅವಳಿಗೆ ಒಂದು ಬೆರಳನ್ನೂ ಅಲ್ಲಾಡಿಸಿ ತೋರಿಸಲಿಲ್ಲ. ‘ಇವರಿಗೆ ಏನಿಷ್ಟ ಆಂಟಿ? ಇಷ್ಟ ಇರೋದನ್ನ ಮುಂದಿಟ್ಟರೆ ಮೈ ತಾನಾಗೇ ಏಳುತ್ತೆ’ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮಗಳು ‘ದೋಣಿ’ ಎಂದುಬಿಟ್ಟಳು.

ಹೌದು, ದೋಣಿ. ನನ್ನ ಸವತಿ. ಇಬ್ಬರು ಕೂರುವಂಥ, ಎರಡೂ ತುದಿ ಚೂಪಾದ, ಹುಟ್ಟು ಹಾಕುವ ದೋಣಿ. ಹಿತ್ತಲಿನ ಶೆಡ್ಡಿನಲ್ಲಿ ಎರಡು ಮರದ ಸ್ಟ್ಯಾಂಡುಗಳ ಮೇಲೆ ಮಹಾರಾಣಿಯ ಹಾಗೆ ಮಲಗಿದೆ. ಶೆಡ್ಡಿನ ಬಾಗಿಲು ತೆರೆದರೆ ಮೆಟ್ಟಿಲು, ಮೆಟ್ಟಿಲು ಇಳಿದರೆ ಕೆರೆ. ದೋಣಿಯ ಒಡಲು ಫೈಬರಿನದು, ಅದಕ್ಕೆ ಆರೈಕೆ ಬೇಡ. ಆದರೆ ಎರಡೂ ಬದಿಯ ಮೇಲಂಚಿಗೆ ಉದ್ದಕ್ಕೂ ಮರದ ಪಟ್ಟಿ, ನಡುವೆ ಅಡ್ಡಪಟ್ಟಿ, ಕೂರಲು ಎರಡು ಮಣೆ. ಈ ಮರಕ್ಕೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಕುಡಿಸಬೇಕು, ಇಲ್ಲದಿದ್ದರೆ ನೀರು ಕುಡಿದು ಕೊಳೆಯುತ್ತದೆ. ಆ ಕೆಲಸಕ್ಕೆ ಇವರು ಯಾರನ್ನೂ ಹತ್ತಿರ ಸೇರಿಸಿದವರಲ್ಲ.

ಮಗಳ ಯೋಜನೆ ಇದು. ಏಪ್ರಿಲ್ ಹದಿಮೂರಕ್ಕೆ ಕಟ್ಟೆ ರಿಪೇರಿಗಾಗಿ ಕೆರೆಯ ನೀರನ್ನೆಲ್ಲ ಬಿಡುತ್ತಾರೆ. ಮತ್ತೆ ತುಂಬಲು ಎರಡು ಮಳೆಗಾಲವಾದರೂ ಬೇಕು. ಅಷ್ಟರೊಳಗೆ ಅಪ್ಪನನ್ನು ಒಂದು ಸಲ ನೀರಿನ ಮೇಲೆ ಕರೆದೊಯ್ಯಬೇಕು. ಅವಳು ಪಾಠ ಮಾಡುವ ಶಾಲೆಯ ಇಬ್ಬರು ಮೇಷ್ಟರು ಎತ್ತಿ ಕೂರಿಸುತ್ತಾರಂತೆ. ‘ಅಮ್ಮಾ, ನೀನು ಎಣ್ಣೆ ಹಚ್ಚಿಬಿಡು ಸಾಕು. ಅಪ್ಪನ್ನ ಈ ಸ್ಥಿತೀಲಿ ಕಾರಲ್ಲಿ ಬೇರೆ ಎಲ್ಲಿಗೂ ಕರ್ಕೊಂಡು ಹೋಗೋ ಹಾಗಿಲ್ಲ. ಎರಡು ವರ್ಷ ಬಿಟ್ಟು ಅಪ್ಪ...’ ಎಂದು ನಿಲ್ಲಿಸಿದಳು.

ಇನ್ಸ್‌ಪೆಕ್ಟರರು ಅಳುತ್ತಿದ್ದರು. ಮುಖದ ಎಡಭಾಗ ಅಳುತ್ತಿತ್ತು, ಬಲಭಾಗ ಸುಮ್ಮನಿತ್ತು. ನನ್ನ ಅಕ್ಕ ಸತ್ತಾಗಲೂ ಇವರ ಕಣ್ಣಲ್ಲಿ ನೀರು ಕಂಡವಳಲ್ಲ ನಾನು.

ಮಾರ್ಚ್ ೮, ಭಾನುವಾರ

ಹಚ್ಚಿದೆ. ಇವರನ್ನು ಗಾಲಿಕುರ್ಚಿಯಲ್ಲಿ ಶೆಡ್ಡಿನ ಬಾಗಿಲಿಗೆ ತಳ್ಳಿಕೊಂಡು ಹೋಗಿ ಕೂರಿಸಿದ್ದೆ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದರು. ಹೊಲಿಗೆಯಲ್ಲಿ ಉಳಿದ ಚಿಂದಿಯನ್ನು ಎಣ್ಣೆಯಲ್ಲಿ ಅದ್ದಿ ಬಳಿದೆ, ಧಾರಾಳವಾಗಿ. ಎರಡನೆಯ ಪದ ಸಿಕ್ಕಿತು: ‘ಒರೆಸು.’ ಹಚ್ಚಿದ ಎಣ್ಣೆಯನ್ನು ಒರೆಸಬೇಕಂತೆ. ಒರೆಸುವುದಾದರೆ ಹಚ್ಚುವುದು ಯಾಕೆ? ‘ಒರೆಸು, ಒರೆಸು’ ಎಂದು ಕಿರುಚಿ ಕಿರುಚಿ ಜೊಲ್ಲು ಸುರಿಸಿಕೊಂಡರು. ಅದನ್ನು ಒರೆಸಿದೆ.

ಮಾರ್ಚ್ ೧೦, ಮಂಗಳವಾರ

ಅಂಚೆಲ್ಲ ಅಂಟು. ಸೊಳ್ಳೆ, ನೊಣ, ನನ್ನ ದಾರದ ತುಂಡು, ಎಲ್ಲ ಅಂಟಿಕೊಂಡು ಸತ್ತಿವೆ. ಕುರ್ಚಿಯನ್ನು ಹತ್ತಿರಕ್ಕೆ ತಳ್ಳಿಸಿಕೊಂಡು ಹೆಬ್ಬೆರಳು ಒತ್ತಿದರು. ಬೆರಳು ಎತ್ತುವಾಗ ಚಟ್ ಎಂದು ಸದ್ದಾಯಿತು. ನನ್ನ ಮುಖವನ್ನು ನೋಡಿದ ನೋಟ ಇದೆಯಲ್ಲ, ಅದರಲ್ಲಿ ಪದಗಳು ಒಂದೂ ಕಳೆದುಹೋಗಿರಲಿಲ್ಲ. ದಡ್ಡಿ, ಕೈಲಾಗದವಳು, ನಿನ್ನ ಅಪ್ಪನ ಮನೆಯಲ್ಲಿ ಇದನ್ನೇ ಕಲಿಸಿದರಾ — ಪೂರ್ತಿ ಮಾಲು ಹಾಗೇ ಇತ್ತು.

ಟರ್ಪೆಂಟೈನ್ ಹಾಕಿ ಕೆರೆದು ತೆಗೆದೆ. ಕೈ ಉರಿಯುತ್ತಿದೆ. ನಾಳೆ ಹೊಲಿಗೆ ಕೆಲಸ ಕಷ್ಟ.

ಮಾರ್ಚ್ ೧೫, ಭಾನುವಾರ

ಈಗ ಗೊತ್ತಾಯಿತು. ಮೊದಲು ಉಪ್ಪುಕಾಗದದಿಂದ ಮರದ ಗೆರೆಗಳ ದಿಕ್ಕಿಗೇ ಉಜ್ಜಬೇಕು, ಅಡ್ಡಡ್ಡ ಅಲ್ಲ. ಪರದೆ ಬಟ್ಟೆ ಕತ್ತರಿಸುವಾಗ ಎಳೆ ನೋಡುವುದಿಲ್ಲವೇ, ಹಾಗೆ. ಹುಡಿ ಒರೆಸಿ, ಎಣ್ಣೆಗೆ ಸ್ವಲ್ಪ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಬೇಕು. ಮರ ಕುಡಿಯುವಷ್ಟು ಕುಡಿಯಲಿ ಎಂದು ಬಿಟ್ಟು, ಕುಡಿಯದೆ ಉಳಿದದ್ದನ್ನು ಒರೆಸಬೇಕು. ಮಾರನೇ ದಿನ ಮತ್ತೆ. ಒಣಗಿದ ಪಟ್ಟಿ ಎಣ್ಣೆ ಮುಟ್ಟಿದ ಕೂಡಲೇ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅದನ್ನು ನೋಡುವುದೇ ಒಂದು ಸುಖ. ಈ ಸುಖವನ್ನು ಇಷ್ಟು ವರ್ಷ ಒಬ್ಬರೇ ನುಂಗಿಕೊಂಡು ಕೂತಿದ್ದರು.

ಯಾವಾಗ ಮುಗಿಯಿತು ಎಂದು ತಿಳಿಯುವುದಕ್ಕೆ ಇವರದೇ ಒಂದು ಕಾನೂನು ಇದೆ. ಹಿಂದಿನ ಮಣೆಯ ಪಕ್ಕ, ಹುಟ್ಟು ತಗುಲಿ ತಗುಲಿ ಮರ ಮೊದಲು ಬಿಳುಚುವ ಜಾಗದಲ್ಲಿ, ಒಂದು ಹನಿ ನೀರು ಬಿಡಬೇಕು. ಹನಿ ಮಣಿಯಂತೆ ಗುಂಡಗೆ ನಿಂತರೆ ಮರದ ಹೊಟ್ಟೆ ತುಂಬಿದೆ. ಹರಡಿದರೆ ಇನ್ನೂ ಹಸಿವು. ‘ಹನಿ ನಿಂತರೆ ದೋಣಿ, ಹರಡಿದರೆ ಸೌದೆ’ ಎನ್ನುತ್ತಿದ್ದರು. ನಿಲ್ಲುವವರೆಗೆ ದೋಣಿ ನೀರಿಗೆ ಇಳಿಯುವ ಹಾಗಿಲ್ಲ. ದೇವರು ಬಂದು ಕೇಳಿದರೂ ಇಲ್ಲ.

ಇವತ್ತು ಬಿಟ್ಟೆ. ಹರಡಿತು. ‘ಇಲ್ಲ. ನಾಳೆ’ ಎಂದರು. ಮೂರನೆಯ ಪದ.

ಮಾರ್ಚ್ ೧೭, ಮಂಗಳವಾರ

ವ್ಯಾಯಾಮದ ಹುಡುಗಿಗೆ ಹಬ್ಬ. ಬೆನ್ನಿಗೆ ಆಸರೆ ಇಲ್ಲದ ಬೆಂಚಿನ ಮೇಲೆ ಇವರನ್ನು ಕೂರಿಸಿ, ಎಡಗೈಗೆ ಪೊರಕೆ ಕೋಲು ಕೊಟ್ಟು ಹುಟ್ಟು ಹಾಕಿಸುತ್ತಾಳೆ. ಮೊದಲು ಬಲಕ್ಕೆ ಮೂಟೆಯಂತೆ ಉರುಳುತ್ತಿದ್ದವರು ಈಗ ಬೆವರುತ್ತ, ಹಲ್ಲು ಕಚ್ಚಿ ಕೂರುತ್ತಾರೆ. ‘ನೋಡಿ ಆಂಟಿ, ಇದೇ ಥರ ಇದ್ರೆ ಆರಾಮಾಗಿ ದೋಣೀಲಿ ಕೂರ್ತಾರೆ’ ಎಂದಳು. ಗಂಡ ಗಾಳಿಯಲ್ಲಿ ಪೊರಕೆ ಆಡಿಸುವುದನ್ನು ನೋಡಿ ನಗು ಬಂತು. ಇಷ್ಟು ವರ್ಷಕ್ಕೆ ಒಂದು ಸಲ ಪೊರಕೆ ಹಿಡಿದರು, ಅದೂ ಕಸ ಗುಡಿಸಲು ಅಲ್ಲ.

ಮಾರ್ಚ್ ೧೯, ಗುರುವಾರ

ಎಣ್ಣೆ ಒರೆಸುತ್ತ ಆಚೆ ದಡ ನೋಡಿದೆ. ಅಕ್ಕನ ಮನೆಯನ್ನು ಕೊಂಡವರು ಹಸಿರು ಬಣ್ಣ ಬಳಿದಿದ್ದಾರೆ. ಮೊದಲು ನಮ್ಮ ಮೆಟ್ಟಿಲಿನಿಂದಲೇ ಅವಳು ಒಣಹಾಕಿದ ಬಟ್ಟೆಗಳ ಬಣ್ಣ ಕಾಣುತ್ತಿತ್ತು. ನಾನು ಹೊಲಿದುಕೊಟ್ಟದ್ದನ್ನು ಮುಂದಿನ ಸಾಲಿನಲ್ಲಿ ಹಾಕುತ್ತಿದ್ದಳು, ನನಗೆ ಕಾಣಲಿ ಎಂದು.

ಅವಳಿಗೆ ತೀರಾ ಸೀರಿಯಸ್ ಎಂದು ಫೋನ್ ಬಂದ ಬೆಳಿಗ್ಗೆ ಇವರ ಮುಂದೆ ನಿಂತು ಬೇಡಿಕೊಂಡೆ. ಕೆರೆ ಸುತ್ತಿ ಹೋಗುವ ಬಸ್ಸಿಗೆ ಅರ್ಧ ದಿನ. ದೋಣಿಗೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತು. ಇವರು ಬೆರಳಿನಿಂದ ಹನಿ ಬಿಟ್ಟು ನೋಡಿದರು. ‘ಹರಡ್ತಾ ಇದೆ. ನಾಳೆ ಕರ್ಕೊಂಡು ಹೋಗ್ತೀನಿ. ಒಂದು ದಿನದಲ್ಲಿ ಏನಾಗಲ್ಲ’ ಎಂದರು. ಬಸ್ಸಿನಲ್ಲಿ ಹೋದೆ. ಮುಟ್ಟುವಷ್ಟರಲ್ಲಿ ಅಕ್ಕನ ಹಾಸಿಗೆಯನ್ನು ಸುತ್ತಿ ಗೋಡೆಗೆ ಒರಗಿಸಿದ್ದರು.

ಎರಡು ದಿನ ಬಿಟ್ಟು ಮನೆಗೆ ಬಂದೆ. ಶೆಡ್ಡಿನಿಂದ ನಗುತ್ತ ಬಂದರು. ‘ಇವತ್ತು ಹನಿ ನಿಂತಿತು, ನೋಡು’ ಎಂದರು. ‘ಒಳ್ಳೇದಾಯ್ತು’ ಎಂದೆ. ಅಷ್ಟೇ ಅಂದದ್ದು. ಆಮೇಲೆ ನಾನು ಯಾವತ್ತೂ ಆ ದೋಣಿ ಹತ್ತಲಿಲ್ಲ, ಇವರು ಯಾವತ್ತೂ ಹತ್ತು ಎನ್ನಲಿಲ್ಲ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ. ಹಳೆಯ ಕತೆ. ನಾಳೆ ಶಾಲೆಯ ಪರದೆಗಳನ್ನು ಮುಗಿಸಬೇಕು.

ಮಾರ್ಚ್ ೨೨, ಭಾನುವಾರ

ಮಧ್ಯಾಹ್ನ ಇವರು ಮಲಗಿದ್ದಾಗ ಒಬ್ಬಳೇ ಶೆಡ್ಡಿಗೆ ಹೋಗಿ ಹನಿ ಬಿಟ್ಟೆ. ನಿಂತಿತು. ಗುಂಡಗೆ, ಗಾಜಿನ ಮಣಿಯ ಹಾಗೆ. ಊದಿದರೆ ಉರುಳಿತು. ನನ್ನ ಕೈಯಿಂದಲೇ ಆದದ್ದು ಎಂದು ಒಂದು ಕ್ಷಣ ಮಗಳನ್ನು ಕೂಗೋಣ ಅನಿಸಿತು.

ಆದರೆ ಆ ಜಾಗದಲ್ಲಿ ಸ್ವಲ್ಪ ಒರಟು ಇದ್ದ ಹಾಗೆ ಕಂಡಿತು. ಉಪ್ಪುಕಾಗದ ತೆಗೆದುಕೊಂಡು ಅಂಗೈಯಗಲ ಉಜ್ಜಿದೆ. ಉಜ್ಜಿದರೆ ಎಣ್ಣೆ ಹೋಗುತ್ತದೆ, ಮರಕ್ಕೆ ಮತ್ತೆ ಹಸಿವಾಗುತ್ತದೆ. ಗೊತ್ತು. ಆದರೂ ಮಾಡುವ ಕೆಲಸವನ್ನು ಚೊಕ್ಕವಾಗಿ ಮಾಡಬೇಕಲ್ಲ.

ಸಂಜೆ ಇವರ ಮುಂದೆ ಹನಿ ಬಿಟ್ಟೆ. ಹರಡಿತು. ‘ನಾಳೆ’ ಎಂದರು ಇನ್ಸ್‌ಪೆಕ್ಟರರು, ತಾವಾಗಿಯೇ.

ಮಾರ್ಚ್ ೨೫, ಬುಧವಾರ

ಹಚ್ಚಿದೆ, ಒರೆಸಿದೆ. ಮತ್ತೆ ಆ ಒಂದು ಜಾಗ ಒರಟಾಗಿತ್ತು.

ಮಾರ್ಚ್ ೨೯, ಭಾನುವಾರ

ಮಗಳು ಮೇಷ್ಟರಿಬ್ಬರನ್ನೂ ಕರೆದುಕೊಂಡು ಬಂದಿದ್ದಳು. ಇವರಿಗೆ ಬೆಳಿಗ್ಗೆಯಿಂದಲೇ ಸಂಭ್ರಮ. ಹಳೆಯ ಟೋಪಿ ತೋರಿಸಿ ಹಾಕಿಸಿಕೊಂಡರು. ಶೆಡ್ಡಿಗೆ ಬಂದ ಮೇಲೆ ‘ಹನಿ’ ಎಂದರು. ನಾಲ್ಕನೆಯ ಪದ, ಇಷ್ಟು ಸ್ಪಷ್ಟವಾಗಿ ಯಾವುದನ್ನೂ ಹೇಳಿರಲಿಲ್ಲ.

ಬಿಟ್ಟೆ. ಹರಡಿತು.

‘ಅಪ್ಪಾ, ಒಂದು ಸುತ್ತು ಹೋಗಿ ಬರೋದಕ್ಕೆ ಏನೂ ಆಗಲ್ಲಪ್ಪ, ಮರ ಏನು ಕರಗಿಹೋಗುತ್ತಾ?’ ಎಂದಳು ಮಗಳು. ‘ಇಲ್ಲ’ ಎಂದು ಎಡಗೈಯಿಂದ ಕುರ್ಚಿಯ ತೋಳಿಗೆ ಗುದ್ದಿದರು. ಇಷ್ಟು ವರ್ಷ ಊರಿಗೆಲ್ಲ ಹೇಳಿದ ಕಾನೂನು, ತಮಗಾಗಿ ಮುರಿದಾರೆಯೇ? ಮೇಷ್ಟರುಗಳು ಬಿಸ್ಕತ್ತು ತಿಂದು, ಕಾಫಿ ಕುಡಿದು ಹೋದರು. ಇವರ ಟೋಪಿ ತೆಗೆಯಲು ಹೋದೆ, ಬಿಡಲಿಲ್ಲ. ಟೋಪಿ ಹಾಕಿಕೊಂಡೇ ಊಟ ಮಾಡಿದರು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ. ನಾನು ಕೋಲನ್ನೂ ಎತ್ತಲಿಲ್ಲ. ಹಾವೇ ತನ್ನ ಬಾಲ ಕಚ್ಚಿಕೊಂಡಿತು. ಇವತ್ತು ನನಗೂ ಊಟ ರುಚಿಸಿತು.

ಏಪ್ರಿಲ್ ೨, ಗುರುವಾರ

ಮಗಳು ಶೆಡ್ಡು ಗುಡಿಸುತ್ತೇನೆಂದು ಎಣ್ಣೆ ಬಟ್ಟೆಗಳನ್ನೆಲ್ಲ ಮುದ್ದೆ ಮಾಡಿ ಡಬ್ಬಕ್ಕೆ ತುಂಬಿದ್ದಳು. ಅಗಸೆ ಎಣ್ಣೆಯ ಬಟ್ಟೆ ಮುದ್ದೆಯಾಗಿ ಬಿದ್ದರೆ ಒಳಗೊಳಗೇ ಕಾವು ಬಂದು ತಾನಾಗಿ ಹೊತ್ತಿಕೊಳ್ಳುತ್ತದೆ. ಒಂದೊಂದನ್ನೂ ಬಿಡಿಸಿ ಹಗ್ಗಕ್ಕೆ ಹಾಕಬೇಕು. ‘ಬುದ್ಧಿ ಎಲ್ಲಿಟ್ಟಿದ್ದೀಯ? ಮನೆ ಸುಡಬೇಕು ಅಂತಿದೀಯಾ? ಗೊತ್ತಿಲ್ಲದ ಮೇಲೆ ಮುಟ್ಟಬೇಡ!’ ಎಂದು ಕೂಗಿದೆ.

‘ನಂಗೆ ಯಾರು ಹೇಳಿಕೊಟ್ಟಿದ್ರು?’ ಎಂದಳು. ಇಷ್ಟಕ್ಕೆಲ್ಲ ಅಳುತ್ತಾಳೆ. ಮಕ್ಕಳಿಗೆ ಗಣಿತ ಹೇಗೆ ಹೇಳಿಕೊಡುತ್ತಾಳೋ. ಬಾಗಿಲಿನಲ್ಲಿ ಕುರ್ಚಿಯ ಮೇಲೆ ಕೂತವರು ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡುತ್ತಿದ್ದರು.

ಏಪ್ರಿಲ್ ೫, ಭಾನುವಾರ

ಹರಡಿತು.

ಏಪ್ರಿಲ್ ೮, ಬುಧವಾರ

ಪರದೆ ಹೊಲಿಸಿದ್ದ ಹೆಂಗಸು ಬಂದಿದ್ದಳು. ಚೆನ್ನಾಗಿದೆ, ಕೊಡಿ ಎಂದಳು. ನಾನು ಅಂಚಿನ ಮೇಲೆ ಬೆರಳು ಓಡಿಸಿದೆ. ಒಂದು ಕಡೆ ಹೊಲಿಗೆ ಉಬ್ಬಿತ್ತು. ‘ಇಲ್ಲ, ನಾಳೆ ಬನ್ನಿ’ ಎಂದೆ. ‘ಅಯ್ಯೋ, ಇವತ್ತು ನೆಂಟರು ಬರ್ತಾರೆ ಕಣ್ರೀ, ಯಾರು ಉಬ್ಬು ನೋಡ್ತಾರೆ?’ ಎಂದು ಗೋಗರೆದಳು. ಕೊಡಲಿಲ್ಲ. ಮಗಳು ಒಳಗಿನಿಂದ ‘ಬಂದ್ರಪ್ಪ ಲೇಡಿ ಇನ್ಸ್‌ಪೆಕ್ಟರು’ ಎಂದಳು. ಆ ಪದ ಅವಳಿಗೆ ಹೇಗೆ ಗೊತ್ತಾಯಿತು? ನಾನು ಯಾರ ಮುಂದೆಯೂ ಹೇಳಿದ್ದಿಲ್ಲ. ಅದೂ ನನಗೇಕೆ ಅಂದಳೋ!

ಇವರು ಈಗ ಆಸರೆ ಇಲ್ಲದೆ, ನಾನು ಒಂದು ಪರದೆ ಹೊಲಿದು ಮುಗಿಸುವವರೆಗೂ ನೆಟ್ಟಗೆ ಕೂರುತ್ತಾರೆ. ಹುಡುಗಿ ಇವರ ಬೆನ್ನು ತಟ್ಟುತ್ತಾಳೆ.

ಏಪ್ರಿಲ್ ೧೨, ಭಾನುವಾರ

ನಾಳೆ ತೂಬು ತೆಗೆಯುತ್ತಾರೆ. ಇವತ್ತೇ ಕೊನೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಶೆಡ್ಡಿಗೆ ಹೋಗಿ ಉಜ್ಜಿದೆ. ಒರಟೇನೂ ಇರಲಿಲ್ಲ. ಸುಮ್ಮನೆ ಸುಳ್ಳು ಯಾಕೆ ಬರೆಯಲಿ, ಯಾವತ್ತೂ ಇರಲಿಲ್ಲ. ಮಾಡಿದ್ದುಣ್ಣೋ ಮಹರಾಯ.

ಮೇಷ್ಟರಿಬ್ಬರು, ವ್ಯಾಯಾಮದ ಹುಡುಗಿ, ಮಗಳು ಎಲ್ಲ ಸೇರಿದರು. ಇವರಿಗೆ ಟೋಪಿ. ‘ಹನಿ’ ಎಂದರು. ನಾನು ಲೋಟಕ್ಕೆ ಬೆರಳು ಅದ್ದಿ ಬಿಟ್ಟೆ. ಮರ ಅದನ್ನು ಗಟಗಟನೆ ಕುಡಿಯಿತು.

‘ಹನಿಗಿನಿ ಎಲ್ಲ ಸಾಕಪ್ಪ! ನಾಳೆ ನೀರೇ ಇರಲ್ಲ. ಗೊತ್ತಾಗ್ತಿದೆಯಾ? ನೀರೇ ಇರಲ್ಲ!’ ಎಂದು ಮಗಳು ಅತ್ತುಬಿಟ್ಟಳು.

ಇವರು ಅವಳನ್ನು ನೋಡಿದರು. ಆಮೇಲೆ ಕುರ್ಚಿಯನ್ನು ಹತ್ತಿರ ತಳ್ಳು ಎಂದು ಕೈ ಮಾಡಿದರು. ನಾನು ತಳ್ಳಲಿಲ್ಲ, ಹುಡುಗಿ ತಳ್ಳಿದಳು. ಎಡಗೈ ಎತ್ತಿ, ಮುಂದಿನ ತುದಿಯಿಂದ ಅಂಚಿನ ಮೇಲೆ ಹೆಬ್ಬೆರಳು ಎಳೆಯುತ್ತ ಬಂದರು. ರೇಷ್ಮೆಯ ಹಾಗಿದೆ ಅಂಚು, ನನ್ನ ಕೆಲಸ, ನನಗೆ ಗೊತ್ತು. ಬೆರಳು ಜಾರುತ್ತ ಜಾರುತ್ತ ಬಂದು ಹಿಂದಿನ ಮಣೆಯ ಪಕ್ಕ ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಬಂತು. ಹನಿ ಬಿದ್ದ ಜಾಗದ ಆಚೆ ಒಣಗಿದ್ದ ಕಡೆ ಸವರಿ, ಬೆರಳನ್ನು ಕಣ್ಣಿನ ಹತ್ತಿರ ತಂದುಕೊಂಡರು. ಹೆಬ್ಬೆರಳಿನ ತುದಿಯಲ್ಲಿ ಬಿಳಿ ಹುಡಿ.

ನನ್ನ ಮುಖ ನೋಡಿದರು. ನಾನೂ ನೋಡಿದೆ. ಹೇಳಿ, ಎಲ್ಲರ ಮುಂದೆಯೂ ತೋರಿಸಿ, ಜನ್ಮವಿಡೀ ನನ್ನ ತಪ್ಪು ತೋರಿಸಿದವರು ಇದೊಂದನ್ನು ಯಾಕೆ ಬಿಡುತ್ತೀರಿ ಎಂದು ಒಳಗೇ ಕೂಗುತ್ತಿದ್ದೆ. ಇವರು ಕತ್ತು ತಿರುಗಿಸಿ ಆಚೆ ದಡ ನೋಡಿದರು, ಹಸಿರು ಮನೆಯ ಕಡೆಗೆ. ತುಂಬ ಹೊತ್ತು ನೋಡಿದರು. ಆಮೇಲೆ ಹೆಬ್ಬೆರಳನ್ನು ತಮ್ಮ ಅಂಗಿಗೆ ಒರೆಸಿಕೊಂಡರು. ಮಗಳಿಗೆ ಹೇಳಿದರು: ‘ನಾಳೆ.’

ತಾವೇ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಯಾಕೆ ಹೇಳಲಿಲ್ಲ? ಪದ ಸಿಕ್ಕಿರಲಿಕ್ಕಿಲ್ಲ, ಅಷ್ಟೇ. ಇರುವುದೇ ನಾಲ್ಕು.

ಏಪ್ರಿಲ್ ೧೪, ಮಂಗಳವಾರ

ನೀರು ಇಳಿಯುತ್ತಿದೆ. ಮೆಟ್ಟಿಲುಗಳ ಮೇಲೆ ಪಾಚಿ ವಾಸನೆ.

ಏಪ್ರಿಲ್ ೧೯, ಭಾನುವಾರ

ಕೆರೆಯ ತುಂಬ ಕೆಸರು. ಬಿಸಿಲಿಗೆ ಬಿರುಕು ಬಿಡುತ್ತಿದೆ. ಯಾರೋ ಕೆಸರಿನ ಮೇಲೆ ಹಲಗೆ ಹಾಕಿಕೊಂಡು ಮೀನು ಹೆಕ್ಕುತ್ತಿದ್ದರು.

ವ್ಯಾಯಾಮದ ಹುಡುಗಿ ಇನ್ನು ವಾರಕ್ಕೆ ಒಂದು ಸಲ ಬಂದರೆ ಸಾಕು ಎಂದಳು. ಇವರು ಬೆಂಚಿನ ಮೇಲೆ ಕೂರುವುದಿಲ್ಲ. ಕೂರಿಸಿದರೆ ಬಲಕ್ಕೆ ಉರುಳುತ್ತಾರೆ, ಕೋಲು ಕೊಟ್ಟರೆ ಬೀಳಿಸುತ್ತಾರೆ. ‘ಏನಾಯ್ತು ಆಂಟಿ, ಅಷ್ಟು ಚೆನ್ನಾಗಿ ಮಾಡ್ತಿದ್ರಲ್ಲ?’ ಎಂದು ನನ್ನನ್ನು ಕೇಳುತ್ತಾಳೆ. ನಾನೇನು ಡಾಕ್ಟರಾ? ಬಟ್ಟಲು ತೊಳೆದು ಪಕ್ಕದಲ್ಲಿ ಇಟ್ಟರೂ ಹೆಬ್ಬೆರಳು ಹಾಕುವುದಿಲ್ಲ. ಬೇಕೆಂದೇ ಜಿಡ್ಡು ಉಳಿಸಿ ಇಟ್ಟು ನೋಡಿದೆ. ಏನೂ ಅನ್ನಲಿಲ್ಲ. ಸಿಟ್ಟು ಬಂದು ನಾನೇ ಇನ್ನೊಮ್ಮೆ ತೊಳೆದೆ.

ಮಗಳು ಬೇರೆ ರಾಗ ತೆಗೆದಿದ್ದಾಳೆ. ದೋಣಿಯನ್ನು ಕಾರಿನ ಮೇಲೆ ಕಟ್ಟಿಕೊಂಡು ಹೊಳೆಗೆ ಹೋಗೋಣವಂತೆ, ನಾವಿಬ್ಬರೇ. ‘ನೀನು ಎಷ್ಟೋ ವರ್ಷದಿಂದ ಒಂದು ಸಲನೂ ಕೂತಿಲ್ವಲ್ಲಮ್ಮ. ಇಷ್ಟು ಕಷ್ಟಪಟ್ಟು ಎಣ್ಣೆ ಹಚ್ಚಿದ್ದೀಯ.’

‘ಇನ್ನೂ ಆಗಿಲ್ಲ, ಈಗ ಬೇಡ’ ಎಂದೆ. ಹೊಳೆಯಲ್ಲಿ ಕಲ್ಲು ಜಾಸ್ತಿ, ಅಂಚು ಗೀಚಿಹೋಗುತ್ತದೆ. ಇವಳಿಗೆ ಏನು ಗೊತ್ತು?

ಏಪ್ರಿಲ್ ೨೬, ಭಾನುವಾರ

ಇವತ್ತು ಆ ಅಂಗೈಯಗಲದ ಜಾಗಕ್ಕೆ ಎಣ್ಣೆ ಹಾಕಿ ಮುಗಿಯಿತು. ವಾರದಿಂದ ತೆಳ್ಳಗೆ ಹಚ್ಚಿ, ಒರೆಸಿ, ಉಳಿದ ಮರದ ಬಣ್ಣಕ್ಕೆ ಬಣ್ಣ ಕೂಡುವವರೆಗೆ ಬಿಡಲಿಲ್ಲ. ಎಲ್ಲಿ ಉಜ್ಜಿದ್ದೆ ಎಂದು ಈಗ ನನ್ನ ಹೆಬ್ಬೆರಳಿಗೂ ಗೊತ್ತಾಗುವುದಿಲ್ಲ. ಹನಿ ಬಿಟ್ಟೆ. ನಿಂತಿತು. ಶೆಡ್ಡಿನ ಬಾಗಿಲು, ಬಾಗಿಲಿನಾಚೆಯ ಕೆಸರು, ಎಲ್ಲ ಅದರೊಳಗೆ ತಲೆಕೆಳಗಾಗಿ ಕಂಡಿತು.

ಒಳಗೆ ಹೋದೆ. ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಗು ತಡೆಯಲಾಗಲಿಲ್ಲ. ‘ಇವತ್ತು ಹನಿ ನಿಂತಿತು, ನೋಡಿ’ ಎಂದೆ.

ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಮೆಲ್ಲಗೆ ಈ ಕಡೆ ತಿರುಗಿದರು. ಬಾಯಿ ಸೊಟ್ಟಗಾಯಿತು, ಕತ್ತಿನ ನರ ಉಬ್ಬಿತು, ಒಂದೊಂದೇ ಅಕ್ಷರವನ್ನು ಕೆಸರಿನಿಂದ ಕಾಲು ಕೀಳುವ ಹಾಗೆ ಎತ್ತಿ ಎತ್ತಿ ಹೇಳಿದರು.

‘ಒಳ್ಳೇ... ದಾಯ್ತು.’

ಹೊಸ ಪದ. ವ್ಯಾಯಾಮದ ಹುಡುಗಿ ಬಂದಾಗ ಹೇಳಬೇಕು.